ಜಾವಾದ ಉಸಿರು ಕಟ್ಟಿದಾಗ

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 14 ಕಿಲೋಮೀಟರ್ ಸಾಗಿದರೆ ಸಕ್ರೆಬೈಲು. ಬೆಳಗಿನ ಹೊತ್ತು ತುಂಗೆಯ ನೀರಿನಲ್ಲಿ ಆನೆಗಳ ಮೈ ಉಜ್ಜುವುದನ್ನು ನೋಡಲು ಜನ ಸೇರುವ ಈ ಬಿಡಾರ ಎಲ್ಲರಿಗೂ ಪರಿಚಿತ. ಇಲ್ಲಿಂದ ಮುಂದೆ ಮಲೆನಾಡು ದಟ್ಟವಾಗುತ್ತ ಹೋಗುತ್ತದೆ. ಮಳೆ ಹಿಡಿಯಿತೆಂದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲೋ ಹಿತ್ತಿಲ ಮಾಡಿನಡಿಯಲ್ಲೋ ನಿಲ್ಲಿಸಿದ ಹಳೆಯ ಮೋಟಾರ್ ಸೈಕಲ್ಲಿಗೆ ಅದು ಕಷ್ಟದ ಕಾಲ. ಜೂನ್ ತಿಂಗಳಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಜಾವಾ, ದೀಪಾವಳಿಯ ಹೊತ್ತಿಗೆ ಹತ್ತು ಸಲ ಒದ್ದರೂ ಒಂದೆರಡು ಬಾರಿ ಕೆಮ್ಮಿ ಸುಮ್ಮನಾಗುತ್ತದೆ. ಪ್ಲಗ್ಗಿನಲ್ಲಿ ಕಿಡಿ ಇದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇದೆ. ಹಾಗಾದರೆ ದೋಷ ಇರುವುದು ಬಹುಮಟ್ಟಿಗೆ ಇವೆರಡರ ನಡುವೆ, ಅಂಗೈ ಮೇಲೆ ಕೂರುವಷ್ಟು ಚಿಕ್ಕದಾದ ಕಾರ್ಬುರೇಟರಿನಲ್ಲಿ.

ಜಾವಾ ಕನ್ನಡ ನಾಡಿಗೆ ಹತ್ತಿರದ ವಾಹನ. ಜೆಕೊಸ್ಲೊವಾಕಿಯದ ಈ ಬೈಕನ್ನು ತಯಾರಿಸಲು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಎರಡೂ ಹೆಸರುಗಳು ಬೇರೆ ಕಂಪನಿಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದಿವೆಯಾದರೂ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಇಲ್ಲ. ಹಳೆಯ ಮೈಸೂರು ಜಾವಾಗಳನ್ನು ಓಡಿಸುವವರಿಗೆ ಇರುವ ದಾರಿ ಒಂದೇ: ಇರುವುದನ್ನು ಸರಿಯಾಗಿ ಕಾಪಾಡಿಕೊಳ್ಳುವುದು.

ಕಾರ್ಬುರೇಟರಿನ ಕೆಲಸ ಹೇಳುವುದಕ್ಕೆ ಸುಲಭ. ಗಾಳಿಗೆ ಪೆಟ್ರೋಲನ್ನು ಅಳೆದು ಬೆರೆಸಿ ಇಂಜಿನ್ನಿಗೆ ಕೊಡುವುದು. ಪಿಸ್ಟನ್ ಚಲಿಸಿದಾಗ ಹೊರಗಿನ ಗಾಳಿ ಒಂದು ಇಕ್ಕಟ್ಟಾದ ಕೊಳವೆಯ ಮೂಲಕ ಒಳನುಗ್ಗುತ್ತದೆ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಕುಗ್ಗುತ್ತದೆ. ಕೆಳಗಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ಸಣ್ಣ ತೂತಿನಿಂದ ಮೇಲೆ ಚಿಮ್ಮಿ, ಮಂಜಿನಂತೆ ಗಾಳಿಯಲ್ಲಿ ಬೆರೆಯುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಏರದಂತೆ, ಇಳಿಯದಂತೆ ನೋಡಿಕೊಳ್ಳುವುದು ತೇಲುವ ಬುರುಡೆ, ಅಂದರೆ ಫ್ಲೋಟ್. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಲೆಕ್ಕವನ್ನು ಕಾಯುವುದು ಯಾವ ಗಣಕಯಂತ್ರವೂ ಅಲ್ಲ, ಆ ತೂತಿನ ಅಳತೆ.

ತೂತು ಕಟ್ಟುವುದೇಕೆ? ಈ ಬೈಕುಗಳದ್ದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕು. ಗಾಡಿ ನಿಂತಲ್ಲೇ ನಿಂತರೆ ಬಟ್ಟಲಿನ ಪೆಟ್ರೋಲು ಆರಿಹೋಗಿ, ಎಣ್ಣೆಯ ಅಂಟು ತಳದಲ್ಲಿ ಉಳಿಯುತ್ತದೆ. ಟ್ಯಾಂಕಿನ ತುಕ್ಕು ಪುಡಿಯಾಗಿ ಇಳಿಯುತ್ತದೆ. ತೇವದ ಗಾಳಿಯಿಂದ ಸೇರಿದ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಕೆಳಗೇ ನಿಂತು ಲೋಹವನ್ನು ತಿನ್ನುತ್ತದೆ. ಬಟ್ಟಲಿನ ಒಳಗೋಡೆಯ ಮೇಲೆ ಬಿಳಿಯ ಪುಡಿ ಕಾಣುವುದು ಇದರಿಂದಲೇ. ಈಗ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೆರೆಯುತ್ತಿದೆ. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು, ಹಳೆಯ ಕಾಲದ ರಬ್ಬರನ್ನು ಮೆದುಮಾಡುವಂಥದ್ದು. ಅದು ಉರಿಯಲು ಬೇಕಾದ ಗಾಳಿಯೂ ಕಡಿಮೆ. ಹೀಗಾಗಿ ಹಳೆಯ ಜೆಟ್ಟಿನ ಲೆಕ್ಕದಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ.

ಬಿಚ್ಚುವ ಕೆಲಸಕ್ಕೆ ಗಾಳಿಯಾಡುವ ಜಾಗ ಬೇಕು, ಹತ್ತಿರದಲ್ಲಿ ಒಲೆಯಾಗಲಿ ಬೀಡಿಯಾಗಲಿ ಇರಕೂಡದು. ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲನ್ನು ಬರಿದುಮಾಡಬೇಕು. ಗಾಳಿಯ ತಿರುಪನ್ನು ಒಳಕ್ಕೆ ಮೆಲ್ಲಗೆ ತಿರುಗಿಸಿ ಎಷ್ಟು ಸುತ್ತಿಗೆ ಕೂರುತ್ತದೆಂದು ಬರೆದಿಟ್ಟುಕೊಳ್ಳಬೇಕು. ಸೂಜಿಯ ಕ್ಲಿಪ್ಪು ಎಷ್ಟನೆಯ ಗಾಡಿಯಲ್ಲಿದೆ ಎಂಬುದನ್ನೂ ಗುರುತಿಸಬೇಕು. ಕಳಚಿದ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟರೆ ಮರಳಿ ಕೂಡಿಸುವಾಗ ತಡಕಾಡಬೇಕಿಲ್ಲ. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಬಂದರೆ ಅದು ಸೋರುತ್ತಿದೆ ಎಂದರ್ಥ. ಬೆಸುಗೆ ಹಾಕಬಹುದು, ಆದರೆ ಸೀಸ ಹೆಚ್ಚಾದರೆ ಫ್ಲೋಟ್ ಭಾರವಾಗಿ, ಪೆಟ್ರೋಲಿನ ಮಟ್ಟವೇ ಏರಿಬಿಡುತ್ತದೆ. ಇಂಜಿನ್ನಿಗೆ ಕೂರುವ ಮುಖವನ್ನು ಗಾಜಿನ ಹಲಗೆಯ ಮೇಲಿಟ್ಟು ನೋಡಬೇಕು. ಬೋಲ್ಟನ್ನು ಅತಿಯಾಗಿ ಬಿಗಿದವರ ಕೈಯಲ್ಲಿ ಅದು ಬಾಗಿರುವುದುಂಟು. ಆ ಸಂದಿಯಿಂದ ಬೇಡದ ಗಾಳಿ ಒಳಸೇರುತ್ತದೆ.

ಇಷ್ಟರವರೆಗೆ ಬೇಕಾದದ್ದು ತಾಳ್ಮೆ ಮಾತ್ರ. ಅಪಾಯವಿರುವುದು ಜೆಟ್ಟಿನ ಬಳಿ. ತೂತು ಕಟ್ಟಿದೆ ಎಂದೊಡನೆ ಕೈ ಉಕ್ಕಿನ ತಂತಿಯನ್ನು ಹುಡುಕುತ್ತದೆ. ತೂರಿಸಿ ಎಳೆದರೆ ಅರ್ಧ ನಿಮಿಷದಲ್ಲಿ ಕೆಲಸ ಆಯಿತು, ಗಾಡಿಯೂ ಹೊರಡುತ್ತದೆ. ಆದರೆ ಉಕ್ಕು ಗಟ್ಟಿ, ಹಿತ್ತಾಳೆ ಮೆತ್ತಗೆ. ಹಲವು ಜೆಟ್ಟುಗಳ ಮೇಲೆ ಕೊರೆದ ಅಂಕಿ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 100 ಎಂದಿದ್ದರೆ ಒಂದು ಮಿಲಿಮೀಟರ್. ಅದು ಸವೆದು 110 ಆದರೆ ಕಣ್ಣಿಗೆ ಕಾಣುವುದಿಲ್ಲ, ತೂತಿನ ವಿಸ್ತೀರ್ಣ ಮಾತ್ರ ಶೇಕಡ 21ರಷ್ಟು ಹೆಚ್ಚಿರುತ್ತದೆ. ಹೊಗೆ, ಕಪ್ಪಾದ ಪ್ಲಗ್ಗು, ಬಿದ್ದುಹೋದ ಮೈಲೇಜು ಅದರ ಫಲ. ಅಂಕಿ ಆಗಲೂ 100 ಎಂದೇ ಹೇಳುತ್ತಿರುತ್ತದೆ. ಮುಂದೆ ಬಿಚ್ಚಿದವನು ಅದನ್ನು ನಂಬಿ ದೋಷವನ್ನು ಬೇರೆಲ್ಲೋ ಹುಡುಕುತ್ತಾನೆ.

ಅರೆಬರೆ ತೊಳೆದು ಬಿಡುವುದು ಇದಕ್ಕಿಂತ ಕೆಟ್ಟದ್ದು. ಅರ್ಧ ಕಟ್ಟಿದ ಜೆಟ್ಟಿನಿಂದ ಪೆಟ್ರೋಲು ಕಡಿಮೆ ಹೋದರೆ, ಅದರೊಡನೆ ಹೋಗಬೇಕಾದ ಎಣ್ಣೆಯೂ ಕಡಿಮೆ. ಒಂದು ಕಡೆ ಇಂಜಿನ್ ಕಾಯುತ್ತದೆ, ಇನ್ನೊಂದು ಕಡೆ ಜಿಡ್ಡು ಸಾಲದು. ಆಗುಂಬೆಯಂಥ ಘಾಟಿ ಏರುವಾಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರವೇ ನಿಂತುಬಿಡಬಹುದು. ಆಗ ಪೆಟ್ಟು ಬೀಳುವುದು ಬೈಕಿಗೆ ಮಾತ್ರವಲ್ಲ.

ಸರಿಯಾದ ಕ್ರಮವೆಂದರೆ ಜೆಟ್ಟನ್ನು ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಹಾಕಿ, ಅಂಟು ಸಡಿಲವಾಗುವವರೆಗೆ ಕಾದು, ಗಾಳಿಯ ಒತ್ತಡದಿಂದ ಊದುವುದು. ಇನ್ನೂ ಬಿಡದಿದ್ದರೆ ತೆಳುವಾದ ನೈಲಾನ್ ಎಳೆ ಸಾಕು. ಬೆಳಕಿಗೆ ಹಿಡಿದಾಗ ತೂತು ದುಂಡಗೆ, ಅಂಚು ಹರಿಯದೆ ಕಾಣಬೇಕು. ದೇಹದೊಳಗಿನ ಸಣ್ಣ ಹಾದಿಗಳನ್ನೂ ಹೀಗೆಯೇ ಊದಿ, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಬೇಕು. ಗಾಳಿಯ ತಿರುಪನ್ನು ಬರೆದಿಟ್ಟ ಸುತ್ತಿಗೆ ನಿಲ್ಲಿಸಿ, ಇಂಜಿನ್ ಬಿಸಿಯಾದ ಮೇಲೆ ಸದ್ದು ಕೇಳುತ್ತ ಅಷ್ಟಿಷ್ಟು ಹೊಂದಿಸಬೇಕು. ಸ್ವಲ್ಪ ದೂರ ಓಡಿಸಿ ಪ್ಲಗ್ ತೆಗೆದಾಗ ತುದಿ ಕಾಫಿಯ ಬಣ್ಣದಲ್ಲಿದ್ದರೆ ಲೆಕ್ಕ ಸರಿ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಕಪ್ಪಗಿದ್ದರೆ ಹೆಚ್ಚು.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುತೇಕ ಇಂಧನ ಇಂಜೆಕ್ಷನ್ ವ್ಯವಸ್ಥೆಯೇ ಇದೆ. ಈಗ ಕೆಲಸ ಕಲಿಯುವ ಹುಡುಗರ ಕೈಗೆ ಕಾರ್ಬುರೇಟರ್ ಬರುವುದು ಅಪರೂಪವಾಗುತ್ತಿದೆ. ಬಲ್ಲವರು ಇರುವಾಗಲೇ ಅವರ ಪಕ್ಕ ಕುಳಿತು ಒಂದನ್ನಾದರೂ ಬಿಚ್ಚಿ ಕೂಡಿಸುವುದು ಒಳ್ಳೆಯದು. ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮುನ್ನ ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲು ಮುಗಿಯುವವರೆಗೆ ಇಂಜಿನ್ ಓಡಿಸಿ ಆರಿಸಿದರೆ, ದೀಪಾವಳಿಗೆ ಈ ಕೆಲಸವೇ ಬೀಳದಿರಬಹುದು.