ಜೆರ್ಸಿ ಜೇಬಿಗೊಂದು ಕ್ಯಾಮೆರಾ

ಸೈಕಲ್ ಸವಾರರು ಕ್ಯಾಮೆರಾ ಕೊಳ್ಳಲು ಹೊರಟರೆ ಮೊದಲು ವಿಚಾರಿಸುವುದು ಮೆಗಾಪಿಕ್ಸೆಲ್ ಎಷ್ಟು ಅಂತ, ಆಮೇಲೆ ಝೂಮ್ ಎಷ್ಟು ಅಂತ. ಅಂಗಡಿಯವರು ಎರಡಕ್ಕೂ ಚೆನ್ನಾಗಿಯೇ ಉತ್ತರ ಕೊಡುತ್ತಾರೆ. ರಸ್ತೆಗಿಳಿದ ಮೇಲೆ ಆ ಎರಡೂ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ನಂದಿ ಬೆಟ್ಟ ಹತ್ತುವಾಗ ಯಾವುದೋ ತಿರುವಿನಲ್ಲಿ ಮಂಜು ಸರಿದು ಕೆಳಗಿನ ಬಯಲು ಅರೆಗಳಿಗೆ ಕಾಣುತ್ತದೆ. ಸೈಕಲ್ಲನ್ನು ಬದಿಗೆ ನಿಲ್ಲಿಸಿ, ಒಂದು ಕೈ ಹ್ಯಾಂಡಲ್ ಮೇಲಿಟ್ಟು, ಬೆವರಿದ ಇನ್ನೊಂದು ಕೈಯಿಂದ ಬೆನ್ನ ಹಿಂದಿನ ಜೇಬಿನಲ್ಲಿರುವ ಕ್ಯಾಮೆರಾ ತೆಗೆದು, ಆನ್ ಮಾಡಿ, ಕ್ಲಿಕ್ಕಿಸಿ, ವಾಪಸ್ ಇಡಬೇಕು. ಇಷ್ಟೂ ಸಲೀಸಾಗಿ ಆಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ. ಆಗದಿದ್ದರೆ ಎಷ್ಟೇ ಒಳ್ಳೆಯ ಕ್ಯಾಮೆರಾ ಆದರೂ ಮೂರನೇ ರೈಡಿಗೆ ಅದು ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಸವಾರಿಯ ಕ್ಯಾಮೆರಾವನ್ನು ಆರಿಸುವಾಗ ಜೇಬಿನಿಂದ ಶುರು ಮಾಡಿ ಚಿತ್ರದ ಕಡೆಗೆ ಬರಬೇಕೇ ಹೊರತು ಚಿತ್ರದಿಂದ ಜೇಬಿಗಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಫೋನ್ ಇರುವಾಗ ಇನ್ನೊಂದು ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 2010ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳು ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳನ್ನು ಮಾರುಕಟ್ಟೆಗೆ ಕಳಿಸಿದ್ದವು. ಅವುಗಳಲ್ಲಿ ಬಹುಪಾಲು ಪುಟ್ಟ ಕಾಂಪ್ಯಾಕ್ಟ್‌ಗಳು. 2023ರಲ್ಲಿ ಎಲ್ಲ ಬಗೆಯವನ್ನು ಸೇರಿಸಿದರೂ ಒಂದು ಕೋಟಿ ಮುಟ್ಟಲಿಲ್ಲ. ಉಳಿದದ್ದನ್ನೆಲ್ಲ ಫೋನ್ ನುಂಗಿತು. ಆದರೆ ಸವಾರಿಗೆ ಹೊರಟಾಗ ಫೋನಿಗೆ ಬೇರೆಯದೇ ಹೊಣೆಗಳಿರುತ್ತವೆ. ದಾರಿ ತೋರಿಸುವುದು, ಸ್ಟ್ರಾವಾ ಆ್ಯಪಿನಲ್ಲಿ ದೂರ ದಾಖಲಿಸುವುದು, ಟೀ ಅಂಗಡಿಯಲ್ಲಿ ದುಡ್ಡು ಕೊಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಬಿದ್ದು ಪೆಟ್ಟಾದರೆ ಮನೆಗೆ ಕರೆ ಮಾಡುವುದು. ಬ್ರೆವೆ ಎಂಬ 600 ಕಿ.ಮೀ. ದೂರದ ಸವಾರಿಯನ್ನು 40 ಗಂಟೆಯೊಳಗೆ ಮುಗಿಸಬೇಕಾದ ಸವಾರನಿಗೆ ಫೋನಿನ ಬ್ಯಾಟರಿ ಅಂದರೆ ಜೀವದ ಮಾತು. ಅದನ್ನು ಫೋಟೊಗೆ ಖರ್ಚು ಮಾಡಲಾಗದು. ಜೊತೆಗೆ ಮಳೆ ಹನಿ ಬಿದ್ದ ಪರದೆ ಒದ್ದೆ ಬೆರಳಿನ ಮಾತು ಕೇಳುವುದಿಲ್ಲ; ಗ್ಲೌಸ್ ತೊಟ್ಟ ಬೆರಳಿನದ್ದಂತೂ ಇನ್ನೂ ಇಲ್ಲ. ಗುಂಡಿ ಒತ್ತಿದರೆ ಯಾವ ಮಳೆಯಲ್ಲೂ ಒತ್ತಿದಂತೆಯೇ.

ಬೈಕ್ ಸವಾರರಿಗೆ ಇನ್ನೊಂದು ಕಾರಣವೂ ಇದೆ. ದೊಡ್ಡ ಎಂಜಿನ್ನಿನ ಮೋಟಾರ್ ಸೈಕಲ್‌ನ ಹ್ಯಾಂಡಲ್ಲಿಗೆ ಐಫೋನನ್ನು ನೇರವಾಗಿ ಬಿಗಿಯಬೇಡಿ, ಆ ಕಂಪನದಿಂದ ಕ್ಯಾಮೆರಾದ ಸ್ಥಿರತೆ ಮತ್ತು ಫೋಕಸ್ ವ್ಯವಸ್ಥೆ ಹಾಳಾಗಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತು. ಅಲುಗಾಟವನ್ನು ಸರಿದೂಗಿಸಲೆಂದೇ ಲೆನ್ಸನ್ನು ಅಯಸ್ಕಾಂತದ ಬಲದಲ್ಲಿ ತೇಲುವಂತೆ ಕೂರಿಸಿರುತ್ತಾರೆ. ಗಂಟೆಗಟ್ಟಲೆ ಎಂಜಿನ್ನಿನ ನಡುಕ ತಿಂದರೆ ಆ ಸೂಕ್ಷ್ಮ ಭಾಗವೇ ಮೊದಲು ಸೋಲುತ್ತದೆ.

ಸೈಕಲ್ಲಿಗೂ ಕ್ಯಾಮೆರಾಕ್ಕೂ ಹಳೆಯ ನಂಟಿದೆ. ಅಮೆರಿಕದ ಥಾಮಸ್ ಆಲೆನ್ ಮತ್ತು ವಿಲಿಯಂ ಸ್ಯಾಕ್ಟ್‌ಲೆಬೆನ್ ಎಂಬ ಇಬ್ಬರು ಯುವಕರು 1890ರ ದಶಕದ ಆರಂಭದಲ್ಲಿ ಇಸ್ತಾಂಬುಲ್‌ನಿಂದ ಪೀಕಿಂಗ್‌ವರೆಗೆ ಸೈಕಲ್ ತುಳಿದರು. ಗಾಜಿನ ಪ್ಲೇಟುಗಳ ಭಾರದ ಪೆಟ್ಟಿಗೆಯ ಬದಲು ಆಗಷ್ಟೇ ಬಂದಿದ್ದ ಫಿಲ್ಮ್ ಸುರುಳಿಯ ಕೊಡಾಕ್ ಒಯ್ದಿದ್ದರಿಂದಲೇ ಆ ಪ್ರವಾಸದ ಚಿತ್ರಗಳು ನಮಗೆ ಉಳಿದಿವೆ.

ಆದರೆ ಜೇಬಿನ ಕ್ಯಾಮೆರಾ ಎಂದರೇನು ಎಂದು ಕೂತು ಯೋಚಿಸಿದವರು ಜಪಾನಿನ ಯೋಶಿಹಿಸಾ ಮೈತಾನಿ. ಒಲಿಂಪಸ್ ಕಂಪನಿಯ ಈ ವಿನ್ಯಾಸಕಾರರು 1979ರಲ್ಲಿ ಎಕ್ಸ್‌ಎ ಎಂಬ ಫಿಲ್ಮ್ ಕ್ಯಾಮೆರಾ ರೂಪಿಸಿದರು. ಅದಕ್ಕೆ ಚೀಲ ಬೇಡ, ಲೆನ್ಸಿಗೆ ಬೇರೆ ಮುಚ್ಚಳ ಬೇಡ. ಮುಂಭಾಗದ ಗುಮ್ಮಟದಂಥ ಕವಚವನ್ನು ಹೆಬ್ಬೆರಳಲ್ಲಿ ಸರಿಸಿದರೆ ಲೆನ್ಸ್ ತೆರೆದುಕೊಳ್ಳುತ್ತದೆ, ಕ್ಯಾಮೆರಾ ಸಿದ್ಧ. ಮುಚ್ಚಿದರೆ ಜೇಬಿನ ದೂಳು ಒಳಗೆ ಇಳಿಯದು. ಲೆನ್ಸ್ ಹೊರಗೆ ಚಾಚುವ ಮಾತೇ ಇಲ್ಲ. ನಾಲ್ಕು ದಶಕ ದಾಟಿದರೂ ಸವಾರರ ಅಗತ್ಯವನ್ನು ಇಷ್ಟು ಸರಿಯಾಗಿ ಅರಿತ ಇನ್ನೊಂದು ವಿನ್ಯಾಸ ನನಗೆ ಕಂಡಿಲ್ಲ.

ಲೆನ್ಸ್ ಹೊರಗೆ ಚಾಚುವುದರಲ್ಲಿ ಅಂಥದ್ದೇನು ತೊಂದರೆ? ಇವತ್ತಿನ ಸಾಮಾನ್ಯ ಪುಟ್ಟ ಕ್ಯಾಮೆರಾವೊಂದನ್ನು ಕೈಯಲ್ಲಿ ಹಿಡಿದು ಆನ್ ಮಾಡಿ ನೋಡಿ. ಒಂದರೊಳಗೊಂದು ಅಡಗಿದ ಎರಡು ಮೂರು ಕೊಳವೆಗಳು ಸರಸರನೆ ಹೊರಬರುತ್ತವೆ. ತುದಿಯಲ್ಲಿ ತೆಳ್ಳನೆಯ ಎಲೆಗಳಂಥ ಲೋಹದ ರೆಪ್ಪೆಗಳು ತೆರೆದುಕೊಳ್ಳುತ್ತವೆ. ಕೊಳವೆಗಳ ನಡುವೆ ಕೂದಲೆಳೆಯಷ್ಟು ಸಂದು. ಚಳ್ಳಕೆರೆ ಕಡೆಯ ಮಣ್ಣುದಾರಿಯ ಕೆಂದೂಳು, ಗೋಕರ್ಣದ ಕಡಲತೀರದ ಮರಳು ಆ ಸಂದಿಗೆ ಇಳಿದರೆ ಆಫ್ ಮಾಡುವಾಗ ಕರ್ ಎಂಬ ಸದ್ದು ಕೇಳುತ್ತದೆ. ಕೊಳವೆ ಅರ್ಧದಲ್ಲೇ ನಿಂತು, ಪರದೆಯ ಮೇಲೆ ಲೆನ್ಸ್ ದೋಷದ ಸೂಚನೆ ಮೂಡಿದರೆ ಅಲ್ಲಿಗೆ ಅದರ ಕಥೆ ಮುಗಿದಂತೆ. ರಿಪೇರಿಯ ಖರ್ಚು ಹಲವೊಮ್ಮೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಬೆಲೆಯನ್ನೇ ಮುಟ್ಟುತ್ತದೆ. ಕೊಳವೆ ಹೊರಚಾಚುವಾಗ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ, ಗಾಳಿಯ ಜೊತೆ ದೂಳೂ ಒಳಹೊಕ್ಕು ಸೆನ್ಸರ್ ಮೇಲೆ ಕೂರುತ್ತದೆ. ಲೆನ್ಸ್ ಕಳಚಲು ಬಾರದ ಕ್ಯಾಮೆರಾದಲ್ಲಿ ಅದನ್ನು ಒರೆಸಲು ಇಡೀ ಯಂತ್ರವನ್ನೇ ಬಿಚ್ಚಬೇಕು.

ದೂಳಿಗಿಂತ ಮೋಸದ್ದು ಬೆವರು. ಮಳೆ ಬಂದರೆ ಕ್ಯಾಮೆರಾ ಮುಚ್ಚಿಡುತ್ತೇವೆ. ಬೆನ್ನಿಗಂಟಿದ ಜೇಬಿನಲ್ಲಿ ಗಂಟೆಗಟ್ಟಲೆ ಉಪ್ಪಿನ ಹಬೆಯಲ್ಲಿ ಬೇಯುವುದು ಗೊತ್ತೇ ಆಗುವುದಿಲ್ಲ. ಸೀಲಿಂಗ್ ಇಲ್ಲದ ಕ್ಯಾಮೆರಾವನ್ನು ಜಿಪ್‌ಲಾಕ್ ಕವರಿನಲ್ಲಿ ಹಾಕದೆ ಜೆರ್ಸಿ ಜೇಬಿಗೆ ಇಳಿಸಲೇಬಾರದು.

ಇನ್ನು ಆಯ್ಕೆಯ ಮಾತು. ನನ್ನ ಮಟ್ಟಿಗೆ ಮೂರು ದಾರಿಗಳಿವೆ.

ಮೊದಲನೆಯದು ನೀರಿಗೆ ಹೆದರದ ಜಾತಿ. ಒಲಿಂಪಸ್ಸಿನ ಟಿಜಿ-6 2019ರಲ್ಲಿ ಬಂತು. ಕಂಪನಿಯ ಕ್ಯಾಮೆರಾ ವ್ಯವಹಾರ ಓಎಂ ಸಿಸ್ಟಮ್ ಎಂಬ ಹೆಸರಿಗೆ ಬದಲಾದ ಮೇಲೆ 2023ರಲ್ಲಿ ಟಿಜಿ-7 ಬಂತು. 15 ಮೀಟರ್ ಆಳದ ನೀರು, 2.1 ಮೀಟರ್ ಎತ್ತರದಿಂದ ಬೀಳುವ ಪೆಟ್ಟು, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ ಇವನ್ನೆಲ್ಲ ತಾಳುವಂತೆ ಕಟ್ಟಿದ್ದಾರೆ. ತೂಕ ಕಾಲು ಕಿಲೋ. ಸವಾರರಿಗೆ ಮುಖ್ಯವಾದದ್ದು ಇದರ ಲೆನ್ಸ್. ಬೆಳಕನ್ನು ಒಳಗೇ ತಿರುಗಿಸಿ ಸೆನ್ಸರಿಗೆ ಕಳಿಸುವುದರಿಂದ ಝೂಮ್ ಮಾಡಿದರೂ ಯಾವ ಭಾಗವೂ ಹೊರಗೆ ಬರುವುದಿಲ್ಲ. ಮೈತಾನಿಯವರ ಯೋಚನೆ ಇಲ್ಲಿ ಮತ್ತೆ ಕಾಣಿಸುತ್ತದೆ. ಚಾರ್ಮಾಡಿಯಲ್ಲಿ ಮಳೆ ಹೊಡೆಯುತ್ತಿರುವಾಗ, ರಸ್ತೆಯ ಮೇಲೆಯೇ ಝರಿ ಹರಿಯುತ್ತಿರುವಾಗ, ಬರಿಗೈಯಲ್ಲಿ ಹಿಡಿದು ಚಿತ್ರ ತೆಗೆಯಬಹುದಾದ ಕ್ಯಾಮೆರಾ ಇದು. ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿರುವುದನ್ನೂ ಸ್ಫುಟವಾಗಿ ಹಿಡಿಯುತ್ತದೆ. ಆಗುಂಬೆಯ ಮೋರಿಕಟ್ಟೆಯ ಮೇಲೆ ಬೆಳೆದ ಪಾಚಿ, ಅದರ ನಡುವೆ ಉಗುರಿನಷ್ಟೇ ದೊಡ್ಡದಾದ ಕಪ್ಪೆಮರಿ ಇವೆಲ್ಲ ಇದರಲ್ಲಿ ಬೇರೆಯೇ ಲೋಕವಾಗಿ ಕಾಣುತ್ತವೆ. ಕೊರತೆಯೂ ಇದೆ. 12 ಮೆಗಾಪಿಕ್ಸೆಲ್‌ನ ಸೆನ್ಸರ್ ಬಹಳ ಚಿಕ್ಕದು, ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್ ಅಷ್ಟೆ. ಮುಂಜಾವದ ಮಬ್ಬಿನಲ್ಲಿ, ದಟ್ಟ ಕಾಡಿನ ನೆರಳಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಬ್ಯಾಟರಿ ಬಾಗಿಲಿನ ರಬ್ಬರ್ ಅಂಚಿನ ಮೇಲೆ ಒಂದು ಕೂದಲು ಕೂತರೂ ನೀರು ಒಳಹೋಗಬಹುದು. ಹಾಗಾಗಿ ಮುಚ್ಚುವ ಮೊದಲು ಪ್ರತಿಸಲ ಒರೆಸಬೇಕು, ವರ್ಷಕ್ಕೊಮ್ಮೆ ಆ ರಬ್ಬರ್ ಬದಲಿಸಿಕೊಳ್ಳಬೇಕು. ಕರಾವಳಿ ಸವಾರಿ ಮುಗಿಸಿ ಬಂದ ಮೇಲೆ ಸಿಹಿನೀರಲ್ಲಿ ತೊಳೆಯುವುದನ್ನೂ ಮರೆಯಬಾರದು.

ಎರಡನೆಯದು ಚಿತ್ರವೇ ಮುಖ್ಯ ಎನ್ನುವವರದು. ರಿಕೋ ಕಂಪನಿಯ ಜಿಆರ್ ಸರಣಿ 1996ರ ಫಿಲ್ಮ್ ಕ್ಯಾಮೆರಾದಿಂದ ಬಂದ ಮನೆತನ. ಜಪಾನಿನ ಹೆಸರಾಂತ ಬೀದಿ ಛಾಯಾಗ್ರಾಹಕ ದೈದೋ ಮೊರಿಯಾಮಾ ಅವರ ಕೈಯಲ್ಲಿ ಅದು ಪ್ರಸಿದ್ಧವಾಯಿತು. 2019ರ ಜಿಆರ್ 3 ತೂಕದಲ್ಲಿ ಟಿಜಿಯಷ್ಟೇ, 257 ಗ್ರಾಂ. ಸೆನ್ಸರ್ ಮಾತ್ರ ಹೆಚ್ಚುಕಡಿಮೆ 13 ಪಟ್ಟು ದೊಡ್ಡದು. ಝೂಮ್ ಇಲ್ಲ, ಫ್ಲ್ಯಾಶ್ ಇಲ್ಲ, 28 ಮಿ.ಮೀ.ಗೆ ಸಮನಾದ ಒಂದೇ ನೋಟ. ಒಂದು ಸೆಕೆಂಡಿನೊಳಗೆ ಸಿದ್ಧವಾಗುತ್ತದೆ, ಬಲಗೈಯೊಂದರಲ್ಲೇ ಎಲ್ಲ ಗುಂಡಿಗಳೂ ಎಟುಕುತ್ತವೆ. ಸ್ನ್ಯಾಪ್ ಫೋಕಸ್ ಎಂಬ ಸೌಲಭ್ಯವಂತೂ ಸವಾರರಿಗೆಂದೇ ಮಾಡಿದ ಹಾಗಿದೆ. ದೂರವನ್ನು 2.5 ಮೀಟರ್‌ಗೆ, ಅಪರ್ಚರನ್ನು ಎಫ್ 8ಕ್ಕೆ ಇಟ್ಟುಬಿಟ್ಟರೆ ಸುಮಾರು ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಫುಟ. ಗುಂಡಿಯನ್ನು ಒಂದೇ ಏಟಿಗೆ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್‌ಗಾಗಿ ತಡಕಾಡದೆ ಚಿತ್ರ ಹಿಡಿಯುತ್ತದೆ. ನೀವು ಬದಿಯಲ್ಲಿ ನಿಂತಿರುವಾಗ ಗೆಳೆಯರ ತಂಡ ಮುಂದೆಯೇ ಹಾದು ಹೋಗುತ್ತದಲ್ಲ, ಆ ಹೊತ್ತಿಗೆ ಇದಕ್ಕಿಂತ ನಂಬಿಗಸ್ತ ವಿಧಾನ ಇಲ್ಲ. ಆದರೆ ಇದಕ್ಕೆ ಮಳೆಯಿಂದಲೂ ದೂಳಿನಿಂದಲೂ ರಕ್ಷಣೆಯ ಸೀಲಿಂಗ್ ಇಲ್ಲ, ಲೆನ್ಸ್ ಹೊರಗೆ ಚಾಚುತ್ತದೆ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 200 ಚಿತ್ರ ಮಾತ್ರ.

ಮೂರನೆಯದು ಮಧ್ಯದ ದಾರಿ, ಸೋನಿಯ ಆರ್‌ಎಕ್ಸ್100 ಸರಣಿ. 2012ರಲ್ಲಿ ಶುರುವಾದ ಇದರಲ್ಲಿ ಒಂದು ಇಂಚಿನ ಸೆನ್ಸರ್ ಇದೆ. 2019ರ ಏಳನೆಯ ಮಾದರಿ 24ರಿಂದ 200 ಮಿ.ಮೀ.ವರೆಗೆ ಝೂಮ್ ಆಗುತ್ತದೆ, ತೂಕ 302 ಗ್ರಾಂ. ಮೂರನೆಯ ಮಾದರಿಯಿಂದ ಈಚೆಗೆ ಕಣ್ಣಿಟ್ಟು ನೋಡುವ ಪುಟ್ಟ ವ್ಯೂಫೈಂಡರ್ ಕೂಡ ಮೇಲೆದ್ದು ಬರುತ್ತದೆ. ಬಿಸಿಲಲ್ಲಿ ಪರದೆ ಕಾಣದೆ ಒದ್ದಾಡಿದವರಿಗೆ ಅದರ ಬೆಲೆ ಗೊತ್ತು. ಪೋಲರಾಯ್ಡ್ ತಂಪು ಕನ್ನಡಕ ಹಾಕುವ ಸವಾರರು ಇದನ್ನು ವಿಶೇಷವಾಗಿ ಗಮನಿಸಬೇಕು: ಆ ಗಾಜಿನ ಮೂಲಕ ನೋಡಿದರೆ ಕೆಲವು ಪರದೆಗಳು ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದ ಕೂಡಲೇ ಕಪ್ಪಾಗಿಬಿಡುತ್ತವೆ. ಚಿತ್ರ ಚೆಂದ, ಝೂಮ್ ಧಾರಾಳ. ಆದರೆ ನುಣುಪಾದ ಮೈ ಬೆವರುಗೈಯಿಂದ ಜಾರುತ್ತದೆ, ಅಂಟಿಸುವ ರಬ್ಬರ್ ಹಿಡಿಕೆ ಹಾಕಿಸಲೇಬೇಕು. ಕೊಳವೆಗಳ ಸಂಖ್ಯೆಯೂ ಹೆಚ್ಚು, ದೂಳಿನ ಭಯವೂ ಹೆಚ್ಚು.

ಈ ಕ್ಯಾಮೆರಾಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ ಹೆಚ್ಚು, ನಾನೂ ಅದನ್ನೇ ಹೇಳುತ್ತೇನೆ. ಆದರೆ ಕೊರಿಯರ್‌ನಲ್ಲಿ ತರಿಸಿಕೊಳ್ಳಬೇಡಿ, ಕೈಯಲ್ಲಿ ಹಿಡಿದೇ ಕೊಳ್ಳಿ. ಹತ್ತಾರು ಸಲ ಆನ್, ಆಫ್ ಮಾಡಿ ಕಿವಿಗೊಟ್ಟು ಕೇಳಿ; ಸದ್ದು ಪ್ರತಿಸಲ ಒಂದೇ ತೆರನಾಗಿರಬೇಕು. ಅಪರ್ಚರನ್ನು ಕಿರಿದು ಮಾಡಿ ಬರೀ ಆಕಾಶದ ಚಿತ್ರ ತೆಗೆದು, ಹಿಗ್ಗಿಸಿ ನೋಡಿ. ಬೂದು ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ದೂಳು ಕೂತಿದೆ ಎಂದರ್ಥ. ಲೆನ್ಸಿಗೆ ಟಾರ್ಚ್ ಹಿಡಿದರೆ ಜೇಡರ ಬಲೆಯಂಥ ಎಳೆ ಕಾಣುತ್ತದೆಯೇ ಪರೀಕ್ಷಿಸಿ. ಅದು ಬೂಷ್ಟು. ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಸುವ ಮಲೆನಾಡಿನ ಮಳೆಗಾಲ ಲೆನ್ಸನ್ನು ಬಿಡುವುದಿಲ್ಲ. ಮನೆಯಲ್ಲಿ ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದೊಂದೇ ಪರಿಹಾರ. ಹೋಟೆಲಿನ ಎಸಿ ಕೋಣೆಯಿಂದ ಉಡುಪಿಯ ಸೆಖೆಗೆ ಒಮ್ಮೆಗೇ ತೆಗೆದರೆ ಲೆನ್ಸ್ ಮೇಲೆ ಹನಿ ಕಟ್ಟುತ್ತದೆ. ಕವರಿನಲ್ಲಿಟ್ಟೇ ಹೊರಗೆ ತಂದು, ಬೆಚ್ಚಗಾದ ಮೇಲೆ ತೆರೆಯಬೇಕು.

ಇಡುವ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಜೆರ್ಸಿಯ ಮೂರು ಜೇಬುಗಳಲ್ಲಿ ನಡುವಿನದು ನೇರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಬಿದ್ದಾಗ ಅಲ್ಲಿ ಗಟ್ಟಿ ವಸ್ತು ಇರಬಾರದು. ಕ್ಯಾಮೆರಾ ಬದಿಯ ಜೇಬಿನಲ್ಲಿರಲಿ, ನಡುವಿನಲ್ಲಿ ರೇನ್‌ಕೋಟ್ ಇರಲಿ. ಕುತ್ತಿಗೆಗೆ ನೇತುಹಾಕುವ ಪಟ್ಟಿ ಬೇಡ, ಮಣಿಕಟ್ಟಿನ ಪಟ್ಟಿ ಸಾಕು. ಪೆಡಲ್ ತುಳಿಯುತ್ತಲೇ ಚಿತ್ರ ತೆಗೆಯುವವರನ್ನು ಘಟ್ಟದ ಇಳಿಜಾರಿನಲ್ಲೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ರಸ್ತೆಯಿಂದ ಕೆಳಗಿಳಿದು ನಿಂತು ತೆಗೆಯಿರಿ. ಬಂಡೀಪುರದಂಥ ಅಭಯಾರಣ್ಯದ ರಸ್ತೆಗಳಲ್ಲಿ ವಾಹನ ನಿಲ್ಲಿಸುವುದಕ್ಕೇ ನಿಷೇಧವಿದೆ. ಅಲ್ಲಿ ಕ್ಯಾಮೆರಾ ಜೇಬಿನಿಂದ ಹೊರಗೆ ಬರಲೇಬಾರದು.

ಕೊನೆಗೆ ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ದಾರಿ ಹಿಡಿಯುವವರು, ಕ್ಯಾಮೆರಾದ ಆರೈಕೆಗೆ ಪುರುಸೊತ್ತಿಲ್ಲದವರು ಟಿಜಿಯನ್ನೇ ಕೊಳ್ಳಿ. ಬಯಲುಸೀಮೆಯಲ್ಲಿ ಒಣ ಹವೆಯ ಹೊತ್ತಿಗೆ ತುಳಿಯುವವರು, ತೆಗೆದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವ ಆಸೆಯುಳ್ಳವರು ಜಿಆರ್ ಕೊಂಡು ಜಿಪ್‌ಲಾಕ್ ಕವರಿನಲ್ಲಿ ಕಾಪಾಡಿಕೊಳ್ಳಿ. ದಾರಿಯಲ್ಲಿ ಮಂಗಟ್ಟೆ ಹಕ್ಕಿ ಕಂಡರೆ ಬಿಡಲಾರದವರಿಗೆ ಆರ್‌ಎಕ್ಸ್100 ಏಳನೆಯ ಮಾದರಿ. ಮೂರನ್ನೂ ಕೊಳ್ಳುವ ಶಕ್ತಿ ಇದ್ದರೂ ಸವಾರಿಗೆ ಒಂದನ್ನೇ ಒಯ್ಯಿರಿ.