ಹೊಸ ಲ್ಯಾಪ್‌ಟಾಪ್ ಬಂದರೆ ಹಳೆ ಮಾನಿಟರ್ ಗುಜರಿಗೇನಾ?

“ಹಳೆ ಮಾನಿಟರ್ ಹೊಸ ಲ್ಯಾಪ್‌ಟಾಪ್‌ಗೆ ಹೊಂದಲ್ಲ, ಮಾರಿಬಿಡಿ” ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವಲ್ಲ. ಆದರೆ ತಪ್ಪು ಕೇಬಲ್ ಕೊಂಡವರಿಗೆ ನಿಜ ಅನಿಸಿಬಿಡುತ್ತದೆ. ನನಗೂ ಅನಿಸಿತ್ತು.

ಹಳೆ ಮಾನಿಟರ್‌ಗಳ ಹಿಂದೆ ಸಾಮಾನ್ಯವಾಗಿ 15 ತೂತುಗಳ ನೀಲಿ ವಿಜಿಎ ಪೋರ್ಟ್ ಇರುತ್ತದೆ. 1987ರಲ್ಲಿ ಐಬಿಎಂ ತಂದ ಈ ವ್ಯವಸ್ಥೆಯಲ್ಲಿ ಚಿತ್ರ ಸಾಗುವುದು ಏರಿಳಿಯುವ ವೋಲ್ಟೇಜ್ ರೂಪದಲ್ಲಿ, ಅಂದರೆ ಅನಲಾಗ್ ಆಗಿ. ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕಳಿಸುವುದು ಡಿಜಿಟಲ್ ಸಂಕೇತ. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ವಿಜಿಎ ಇರುವ ಬರೀ ತಂತಿ ತಂದು ಸಿಕ್ಕಿಸಿದೆ. ಪರದೆಯ ಮೇಲೆ ‘ನೋ ಸಿಗ್ನಲ್’! ಮಾನಿಟರ್ ಕೆಟ್ಟಿರಲಿಲ್ಲ. ತಂತಿಗೆ ಅನುವಾದ ಬರುವುದಿಲ್ಲ, ಅಷ್ಟೇ. ಆ ಕೆಲಸಕ್ಕೆ ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು.

ಕೊಳ್ಳುವಾಗ ದಿಕ್ಕು ನೋಡಿ: ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂದಿರಬೇಕು. ಉಲ್ಟಾ ತಂದರೆ ನಡೆಯದು.

ಮಾನಿಟರ್‌ನಲ್ಲಿ ಡಿವಿಐ-ಡಿ ಪೋರ್ಟ್ ಇದ್ದರೆ ನಿಮ್ಮ ಅದೃಷ್ಟ. ಅದೂ ಡಿಜಿಟಲ್ಲೇ, ಸಾದಾ ಎಚ್‌ಡಿಎಂಐ-ಡಿವಿಐ ಕೇಬಲ್ ಸಾಕು.

ಲ್ಯಾಪ್‌ಟಾಪ್‌ನಲ್ಲಿ ಟೈಪ್-ಸಿ ಮಾತ್ರ ಇದೆಯೇ? ದುಡ್ಡು ಕೊಡುವ ಮೊದಲು ಆ ಪೋರ್ಟ್ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ಗೆ ಹೊಂದುತ್ತದೆಯೇ ಎಂದು ನಿಮ್ಮ ಮಾಡೆಲ್‌ನ ವಿವರದಲ್ಲಿ ನೋಡಿ. ಕೆಲವು ಟೈಪ್-ಸಿ ಪೋರ್ಟ್‌ಗಳು ಚಾರ್ಜಿಂಗ್‌ಗೆ, ಫೈಲ್ ಕಳಿಸಲಿಕ್ಕಷ್ಟೇ ಇರುತ್ತವೆ. ನೋಡಲು ಎಲ್ಲವೂ ಒಂದೇ ಥರ, ಪಜೀತಿ ಅದೇ.

ವಿಜಿಎಯಲ್ಲಿ ಚಿತ್ರ ಬಂದು ಧ್ವನಿ ಬರದಿದ್ದರೆ ಗಾಬರಿ ಬೇಡ. ಆ ತಂತಿಯಲ್ಲಿ ಶಬ್ದ ಸಾಗುವುದೇ ಇಲ್ಲ. ಲ್ಯಾಪ್‌ಟಾಪ್‌ನ ಸ್ಪೀಕರನ್ನೇ ಆರಿಸಿಕೊಳ್ಳಿ.