ದೀಪ ಉರಿಯುತ್ತದೆ, ಎಂಜಿನು ಏಳದು: ಏಕೆ?

ಮೋಟಾರು ಗಾಡಿಯ ಕೀಲಿಯನ್ನು ತಿರುಗಿಸುತ್ತೇವೆ. ‘ಟಕ್’ ಎಂಬ ಒಂದು ಸದ್ದು ಮಾತ್ರ ಕೇಳಿಬರುತ್ತದೆ, ಎಂಜಿನು ಏಳುವುದಿಲ್ಲ. ಆದರೆ ಮುಂದಿನ ದೀಪಗಳು ಚೆನ್ನಾಗಿ ಉರಿಯುತ್ತವೆ, ಹಾರನ್ನೂ ಮೊಳಗುತ್ತದೆ. ಬ್ಯಾಟರಿಯಲ್ಲಿ ಶಕ್ತಿಯಿಲ್ಲವೆಂದರೆ ದೀಪ ಉರಿಯುವುದು ಹೇಗೆ? ಶಕ್ತಿಯಿದೆಯೆಂದರೆ ಎಂಜಿನು ತಿರುಗದಿರುವುದೇಕೆ? ಈ ಒಗಟನ್ನು ಬಿಡಿಸಲಾರದೆ ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿಯನ್ನು ಕೊಳ್ಳುವವರುಂಟು. ಅದನ್ನು ಕೂರಿಸುವಾಗ ತಂತಿಯ ಕೊಂಡಿಗಳನ್ನು ಉಜ್ಜಿ ಬಿಗಿ ಮಾಡುವುದರಿಂದ ಗಾಡಿ ಏಳುತ್ತದೆ. ತಪ್ಪು ಮಾತ್ರ ಹಳೆಯ ಬ್ಯಾಟರಿಯ ತಲೆಗೆ ಕಟ್ಟುತ್ತದೆ! ಒಗಟನ್ನು ಬಿಡಿಸಲು ಶಾಲೆಯಲ್ಲಿ ಕಲಿತ ಓಮನ ನಿಯಮವೊಂದೇ ಸಾಕು.

ವಿದ್ಯುತ್ ಪ್ರವಾಹವು ಒಂದು ರೋಧದ ಮೂಲಕ ಹರಿಯುವಾಗ ಅಲ್ಲಿ ನಷ್ಟವಾಗುವ ವೋಲ್ಟುಗಳು ಎಷ್ಟು? ಪ್ರವಾಹವನ್ನು ರೋಧದಿಂದ ಗುಣಿಸಿದರೆ ಬರುವಷ್ಟು. ಸೀಸದ ಬ್ಯಾಟರಿಯ ಕಂಬಗಳ ಸುತ್ತ ಬಿಳಿಯ ಅಥವಾ ಹಸಿರು ಛಾಯೆಯ ಪುಡಿ ಬೆಳೆದಿರುವುದನ್ನು ವಾಚಕರು ನೋಡಿರಬಹುದು. ಇಂಥ ಕಿಲುಬು ಕಂಬಕ್ಕೂ ಕೊಂಡಿಗೂ ನಡುವೆ ಸೇರಿಕೊಂಡು ಒಂದು ಓಮಿನ ಇಪ್ಪತ್ತನೆಯ ಒಂದು ಭಾಗದಷ್ಟು, ಎಂದರೆ 0.05 ಓಮ್ ರೋಧವನ್ನು ಒಡ್ಡಿತೆನ್ನೋಣ. ಎರಡು ಮುಂದೀಪಗಳಿಗೆ ಬೇಕಾಗುವ ಪ್ರವಾಹ ಸುಮಾರು 10 ಆಂಪಿಯರ್. ಆಗ ಕೊಂಡಿಯಲ್ಲಿ ನಷ್ಟವಾಗುವುದು ಅರ್ಧ ವೋಲ್ಟು ಮಾತ್ರ. ಹನ್ನೆರಡರಲ್ಲಿ ಅರ್ಧ ಹೋದರೆ ದೀಪದ ಬೆಳಕಿನಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಗೋಚರಿಸುವುದು ಕಷ್ಟ.

ಎಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರಿನ ಹಸಿವು ಬೇರೆ ಬಗೆಯದು. ಅದು 150 ಆಂಪಿಯರುಗಳಷ್ಟು ಪ್ರವಾಹವನ್ನು ಬೇಡುವುದು ಸಾಮಾನ್ಯ. ಅಷ್ಟು ಪ್ರವಾಹ ಅದೇ ಕೊಂಡಿಯ ಮೂಲಕ ಹರಿಯಬೇಕಾದರೆ ಅಲ್ಲಿಯೇ ಏಳೂವರೆ ವೋಲ್ಟು ಖರ್ಚಾಗಬೇಕು, ಮೋಟಾರಿಗೆ ಉಳಿಯುವುದೇನು? ವಾಸ್ತವದಲ್ಲಿ ರೋಧವು ಪ್ರವಾಹವನ್ನೇ ತಗ್ಗಿಸಿಬಿಡುತ್ತದೆ. ಮೋಟಾರಿಗೆ ತಕ್ಕಷ್ಟು ಬಲ ಬರುವುದಿಲ್ಲ. ನೀರಿನ ಕೊಳಾಯಿಯಲ್ಲಿ ಕಸ ಕಟ್ಟಿಕೊಂಡಿದ್ದರೂ ತೊಟ್ಟಿಕ್ಕುವ ನಲ್ಲಿಗೆ ಕೊರತೆಯಿಲ್ಲ. ಒಮ್ಮೆಗೆ ಒಂದು ಹಂಡೆ ನೀರನ್ನು ಬಯಸಿದಾಗಲೇ ಕಸದ ಅರಿವಾಗುವುದು. ಆದ್ದರಿಂದ ದೀಪ ಉರಿಯಿತೆಂಬುದು ಸಂಪರ್ಕ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಹೊರೆ ಬಿದ್ದಾಗ ನಡೆಸಿದ ಪರೀಕ್ಷೆಯೇ ಪರೀಕ್ಷೆ.

ದೀಪವೇ ಮಾಪಕ

ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕೈಬ್ರೇಕನ್ನು ಎಳೆದು, ಮುಂದೀಪಗಳನ್ನು ಹಚ್ಚಿಕೊಂಡು ಕೀಲಿಯನ್ನು ತಿರುಗಿಸಿ. ಇನ್ನೊಬ್ಬರು ದೀಪಗಳನ್ನು ಗಮನಿಸಲಿ. ದೀಪಗಳನ್ನು ತಾನಾಗಿಯೇ ಆರಿಸುವ ವ್ಯವಸ್ಥೆ ಗಾಡಿಯಲ್ಲಿ ಇರದಿದ್ದರೆ, ಮೂರು ಬಗೆಯ ಉತ್ತರಗಳು ದೊರೆಯಬಹುದು.

ದೀಪಗಳು ಕೊಂಚವೂ ಮಂಕಾಗದಿದ್ದರೆ ಸ್ಟಾರ್ಟರಿಗೆ ಪ್ರವಾಹವೇ ಹೋಗುತ್ತಿಲ್ಲ. ಸ್ವಿಚ್ಚು, ಸೋಲೆನಾಯ್ಡ್, ಸ್ಟಾರ್ಟರಿನ ದಪ್ಪ ತಂತಿ, ಎಂಜಿನಿಗೂ ಗಾಡಿಯ ಒಡಲಿಗೂ ಇರುವ ಸಂಪರ್ಕಪಟ್ಟಿ, ಇವುಗಳಲ್ಲಿ ದೋಷವನ್ನು ಹುಡುಕಬೇಕು.

ದೀಪಗಳು ಆರುವಷ್ಟು ಮಂಕಾದರೆ ಬ್ಯಾಟರಿಯಾಗಲಿ ಅದರ ಕೊಂಡಿಯಾಗಲಿ ಸೋತಿದೆ. ಇವೆರಡರಲ್ಲಿ ಯಾವುದು? ವೋಲ್ಟ್‌ಮಾಪಕದ ಒಂದು ಕಡ್ಡಿಯನ್ನು ಸೀಸದ ಕಂಬದ ಮೇಲೂ ಇನ್ನೊಂದನ್ನು ಅದೇ ಕಂಬದ ಕೊಂಡಿಯ ಮೇಲೂ ಒತ್ತಿ ಹಿಡಿದು ಕೀಲಿ ತಿರುಗಿಸಬೇಕು. ಮುಳ್ಳು ಸೊನ್ನೆಯ ಬಳಿಯೇ ನಿಂತರೆ ಕೊಂಡಿ ನಿರ್ದೋಷಿ. ಅರ್ಧ ವೋಲ್ಟನ್ನೋ ಹೆಚ್ಚನ್ನೋ ತೋರಿಸಿದರೆ ಕಳ್ಳ ಸಿಕ್ಕಂತೆಯೇ. ಎರಡು ಕಂಬಗಳ ನಡುವಣ ವೋಲ್ಟೇ ಒಂಬತ್ತಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬರಿದಾಗಿದೆ ಅಥವಾ ಮುಪ್ಪಾಗಿದೆ. ಅಪರೂಪಕ್ಕೆ ಸ್ಟಾರ್ಟರೇ ಬಿಗಿದುಕೊಂಡಿರಲೂಬಹುದು.

ದೀಪಗಳು ಸ್ವಲ್ಪ ಮಂಕಾಗಿ, ಎಂಜಿನು ರಭಸದಿಂದ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರುವಂತಿಲ್ಲ. ಪೆಟ್ರೋಲ್ ಬರುತ್ತಿಲ್ಲ, ಇಲ್ಲವೆ ಕಿಡಿ ಹಾರುತ್ತಿಲ್ಲ.

ಕಿಡಿಯ ಹುಟ್ಟು

ಹನ್ನೆರಡು ವೋಲ್ಟುಗಳಿಂದ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರದು. ಅದಕ್ಕೆ ಸಾವಿರಾರು ವೋಲ್ಟುಗಳು ಬೇಕು. 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಮಾದರಿಗಳಲ್ಲಿ ಇದನ್ನು ಸಾಧಿಸುವ ಉಪಾಯ ಸರಳವಾದುದು. ಕಾಯಿಲ್ ಎಂಬ ಭಾಗದಲ್ಲಿ ಕಬ್ಬಿಣದ ತಿರುಳಿನ ಮೇಲೆ ಕೆಲವು ನೂರು ಸುತ್ತುಗಳ ದಪ್ಪ ತಂತಿಯೂ ಸಾವಿರಾರು ಸುತ್ತುಗಳ ಸಣ್ಣ ತಂತಿಯೂ ಇರುತ್ತವೆ. ದಪ್ಪ ತಂತಿಯ ಪ್ರವಾಹವನ್ನು ಕಾಂಟ್ಯಾಕ್ಟ್ ಪಾಯಿಂಟುಗಳು ಥಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಸಣ್ಣ ತಂತಿಯಲ್ಲಿ ಭಾರಿ ವೋಲ್ಟು ಹುಟ್ಟುತ್ತದೆ. ಕಡಿತ ಎಷ್ಟು ಚುರುಕೋ ಕಿಡಿ ಅಷ್ಟು ಬಲ. ಪಾಯಿಂಟುಗಳಲ್ಲಿಯೇ ಕಿಡಿ ಹಾರಿ ಕಡಿತ ನಿಧಾನವಾಗದಂತೆ ತಡೆಯುವುದು ಕಂಡೆನ್ಸರಿನ ಕೆಲಸ. ಸುಟ್ಟು ಕರಕಾದ ಪಾಯಿಂಟು, ಕೆಟ್ಟ ಕಂಡೆನ್ಸರು, ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಕೂತ ತೇವ, ಇವೇ ಇಂಥ ಗಾಡಿಗಳಲ್ಲಿ ಮೊದಲು ನೋಡಬೇಕಾದವು. ತೇವವನ್ನು ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಗಾಡಿ ಎದ್ದುಬಿಡುತ್ತದೆ. ಇಂದಿನ ಗಾಡಿಗಳಲ್ಲಿ ಪಾಯಿಂಟುಗಳ ಕೆಲಸವನ್ನು ಟ್ರಾನ್ಸಿಸ್ಟರ್ ವಹಿಸಿಕೊಂಡಿದೆ. ಅವುಗಳಲ್ಲಿ ಪ್ಲಗ್ಗಿನ ತಂತಿಯನ್ನು ಕಿತ್ತು ಕಿಡಿ ನೋಡುವ ಹಳೆಯ ರೂಢಿ ಸಲ್ಲದು. ಕೈಗೂ ಅಪಾಯ, ಎಲೆಕ್ಟ್ರಾನಿಕ್ ಭಾಗಗಳಿಗೂ ಅಪಾಯ.

ಎಚ್ಚರಿಕೆ

ಬ್ಯಾಟರಿಯಿಂದ ಹೊಮ್ಮುವ ಜಲಜನಕವು ಕಿಡಿ ತಗುಲಿದರೆ ಸಿಡಿಯುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಕೂಡದು. ಒಳಗಿನ ಆಮ್ಲದಿಂದ ಕಣ್ಣನ್ನು ಕಾಪಾಡಿಕೊಳ್ಳಬೇಕು. ಕೊಂಡಿಗಳನ್ನು ಬಿಚ್ಚುವಾಗ ಗಾಡಿಯ ಒಡಲಿಗೆ ಸೇರಿದುದನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸಬೇಕು. ಕ್ರಮ ತಪ್ಪಿದರೆ ಸ್ಪ್ಯಾನರು ಒಡಲನ್ನು ಮುಟ್ಟಿದ ಕ್ಷಣವೇ ನೂರಾರು ಆಂಪಿಯರುಗಳು ಅದರಲ್ಲಿ ಹರಿದಾವು. ಅಡಿಗೆ ಸೋಡಾ ಕರಗಿಸಿದ ನೀರಿನಿಂದ ಕಿಲುಬನ್ನು ತೊಳೆದು, ನೀರು ಬ್ಯಾಟರಿಯೊಳಗೆ ಇಳಿಯದಂತೆ ನೋಡಿಕೊಂಡು, ಒಣಗಿದ ಮೇಲೆ ಉಜ್ಜಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಕೆಲಸ ಮುಗಿಯಿತು.

ಹೊಸ ಬ್ಯಾಟರಿಯ ಅಂಗಡಿಗೆ ಹೋಗುವ ಮುನ್ನ ಹಳೆಯ ಕೊಂಡಿಯನ್ನೊಮ್ಮೆ ವಿಚಾರಿಸುವುದು ಲೇಸು.